ಗಿಟ್‌ಹಬ್ ಬಿಟ್ಟು ಹೊರಟರೆ ಏನೇನು ಹಿಂದೆ ಉಳಿಯುತ್ತದೆ

ಹೊಸಬರಿಗೆ ಓಪನ್ ಸೋರ್ಸ್ (ಎಲ್ಲರಿಗೂ ತೆರೆದಿಟ್ಟ ಕೋಡ್) ಕೆಲಸ ಹೇಳಿಕೊಡುವಾಗ ನಾನೂ ಮೊದಲು ಹೇಳುವುದು 'ಗಿಟ್‌ಹಬ್ ಅಕೌಂಟ್ ಮಾಡ್ಕೊಳ್ಳಿ' ಅಂತಲೇ. ಕೋಡ್ ಇಟ್ಟು ಹತ್ತಾರು ಜನ ಸೇರಿ ಕೆಲಸ ಮಾಡುವ, ಮೈಕ್ರೋಸಾಫ್ಟ್‌ನ ತಾಣ ಅದು. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನೇ ನೋಡಿ. ಅದರಲ್ಲಿ ಬರೆದ ಲೈಬ್ರರಿಗಳನ್ನು, ಅಂದರೆ ಬೇರೆಯವರೂ ಬಳಸಬಹುದಾದ ಕೋಡನ್ನು, ಹಂಚುವ ತಾಣ ಕ್ರೇಟ್ಸ್ ಡಾಟ್ ಐಓ ಗಿಟ್‌ಹಬ್‌ನದ್ದಲ್ಲ. ಆದರೂ ಅಲ್ಲಿ ಒಂದು ಲೈಬ್ರರಿ ಹಾಕಬೇಕು ಅಂದರೆ ವರ್ಷಗಟ್ಟಲೆ ಇದ್ದದ್ದು ಗಿಟ್‌ಹಬ್ ಲಾಗಿನ್ ಒಂದೇ.

ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2017ರಲ್ಲಿ ಪೈಥಾನ್ ಗಿಟ್‌ಹಬ್‌ಗೆ ಬರುವ ಮೊದಲು ಒಂದಕ್ಷರದ ತಪ್ಪು ತಿದ್ದಬೇಕಾದರೂ ಕೋಡ್‌ನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಮರ್ಕ್ಯುರಿಯಲ್‌ನಿಂದ ಕೋಡ್ ಇಳಿಸಿಕೊಂಡು, ಬದಲಾವಣೆಯನ್ನಷ್ಟೇ ಬರೆದ ಪ್ಯಾಚ್ ಫೈಲ್ ಮಾಡಿ, ಬಗ್ ಟ್ರ್ಯಾಕರ್‌ಗೆ ಹಾಕಿ, ಕೋರ್ ಡೆವಲಪರ್ ಯಾರಾದರೂ ಕೈಯಾರೆ ಸೇರಿಸಲಿ ಅಂತ ಕಾಯಬೇಕಿತ್ತು. ಪಿಎಚ್‌ಪಿ ಭಾಷೆಯವರದು ಸ್ವಂತ ಗಿಟ್ (ಮರ್ಕ್ಯುರಿಯಲ್‌ನಂಥದೇ ಇನ್ನೊಂದು ಸಾಧನ) ಸರ್ವರ್ ಇತ್ತು. 2021ರ ಮಾರ್ಚ್‌ನಲ್ಲಿ ಯಾರೋ ಅದರೊಳಗೆ, ಭಾಷೆ ಹುಟ್ಟುಹಾಕಿದ ರಾಸ್ಮಸ್ ಲರ್ಡಾರ್ಫ್ ಹೆಸರಲ್ಲೇ, ಕಳ್ಳ ಕೋಡ್ ತುರುಕಿದರು. ಸರ್ವರ್ ಕಾಯುವ ಉಸಾಬರಿಯೇ ಬೇಡ ಅಂತ ಅವರೂ ಗಿಟ್‌ಹಬ್‌ಗೆ ಹೋದರು. ಅದು ತಪ್ಪು ಅಂತ ನನಗೇನೂ ಅನ್ನಿಸುವುದಿಲ್ಲ.

ಕಷ್ಟ ಗೊತ್ತಾಗುವುದು ಹೊರಡುವಾಗ. ಕೋಡ್ ಒಂದೆರಡು ಕಮಾಂಡ್‌ಗೆ ಇತಿಹಾಸದ ಸಮೇತ ಬೇರೆ ಕಡೆ ಹೋಗುತ್ತದೆ. ಇಶ್ಯೂಗಳು (ದೋಷ, ಬೇಡಿಕೆಗಳ ಪಟ್ಟಿ), ಅವುಗಳಡಿಯ ವಾದ-ವಿವಾದ, ಸಿಐ (ಕೋಡ್ ಬದಲಾದಾಗ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ), ದೇಣಿಗೆ, ಇವ್ಯಾವುವೂ ಗಿಟ್‌ನೊಳಗೆ ಇಲ್ಲ. 2025ರ ನವೆಂಬರ್‌ನಲ್ಲಿ ಜಿಗ್ ಭಾಷೆಯವರು ಗಿಟ್‌ಹಬ್‌ನದೇ ಸಿಐ ಆದ ಆಕ್ಷನ್ಸ್‌ನ ಬಗ್‌ಗಳಿಗೂ ಎಐ ಹೇರಿಕೆಗೂ ಬೇಸತ್ತು ಕೋಡ್‌ಬರ್ಗ್ ಅನ್ನುವ ಇಂಥದೇ ಇನ್ನೊಂದು ತಾಣಕ್ಕೆ ಹೋದರು. ಅದನ್ನು ನಡೆಸುವುದು ಬರ್ಲಿನ್‌ನ ಒಂದು ಸಂಘ, ಲಾಭಕ್ಕಲ್ಲ. ಹಳೆಯ ಇಶ್ಯೂಗಳನ್ನು ಒಟ್ಟಿಗೆ ಹೊತ್ತೊಯ್ಯಲಿಲ್ಲ. ಹೊಸ ಜಾಗದಲ್ಲಿ ನಂಬರ್ 30000ದಿಂದ ಶುರು ಮಾಡಿದರು, ಯಾರಾದರೂ ಬರೀ ನಂಬರ್ ಹೇಳಿದರೆ ಹಳೆಯದೋ ಹೊಸದೋ ಅಂತ ಗೊಂದಲ ಆಗಬಾರದಲ್ವಾ! ಜಾಣತನವೇ. ಆದರೆ ಆ ಭಾಷೆ ಯಾಕೆ ಹೀಗಿದೆ ಅಂತ ಹೇಳುವ ಅಷ್ಟೂ ಮಾತುಕತೆ ಮೈಕ್ರೋಸಾಫ್ಟ್‌ನ ಜಾಗದಲ್ಲೇ ಉಳಿಯಿತು. ಗಿಟ್‌ಹಬ್ ಸ್ಪಾನ್ಸರ್ಸ್ ಮೂಲಕ ದುಡ್ಡು ಕೊಡುತ್ತಿದ್ದವರಿಗೂ ಬೇರೆ ಕಡೆಯಿಂದ ಕೊಡಿ ಅಂತ ಕೇಳಬೇಕಾಯಿತು.

ಎಲ್ಲರೂ ಮನಸ್ಸು ಮಾಡಿ ಹೊರಡುತ್ತಾರೆ ಅಂತಲೂ ಇಲ್ಲ. 2019ರಲ್ಲಿ ಅಮೆರಿಕದ ನಿರ್ಬಂಧದಿಂದಾಗಿ ಇರಾನ್, ಸಿರಿಯಾ, ಕ್ರಿಮಿಯಾದ ಎಷ್ಟೋ ಜನರಿಗೆ ಗಿಟ್‌ಹಬ್‌ನಲ್ಲಿದ್ದ ತಮ್ಮ ಖಾಸಗಿ ರೆಪೊಗಳೇ (ಕೋಡ್ ಇಡುವ ಜಾಗಗಳೇ) ಸಿಗದಂತಾದವು. ಇರಾನ್‌ನವರಿಗೆ ಪೂರ್ತಿ ಸೇವೆ ಮತ್ತೆ ಸಿಕ್ಕಿದ್ದು 2021ರಲ್ಲಿ, ಅದೂ ಅಮೆರಿಕ ಸರ್ಕಾರ ಗಿಟ್‌ಹಬ್‌ಗೆ ಲೈಸೆನ್ಸ್ ಕೊಟ್ಟ ಮೇಲೆ.

ಕೇಳಿದವರಿಗೆ ನಾನು ಗಿಟ್‌ಹಬ್ ಬಿಡಿ ಅನ್ನುವುದಿಲ್ಲ. ಇಶ್ಯೂಗಳನ್ನು ಎಪಿಐನಿಂದ (ಪ್ರೋಗ್ರಾಂ ಮೂಲಕ ಮಾಹಿತಿ ಪಡೆಯುವ ದಾರಿ) ಆಗಾಗ ಇಳಿಸಿ ಬೇರೆ ಕಡೆ ಇಟ್ಟಿರಿ. ಟೆಸ್ಟ್ ಓಡಿಸುವ ಕಮಾಂಡ್‌ಗಳನ್ನು ಆಕ್ಷನ್ಸ್‌ಗೆ ಏನು ಮಾಡಬೇಕು ಅಂತ ಹೇಳುವ ಯಾಮಲ್ ಫೈಲ್‌ನಲ್ಲಿ ತುಂಬಬೇಡಿ, ರೆಪೊದೊಳಗೆ ಆ ಕಮಾಂಡ್‌ಗಳಿರುವ ಒಂದು ಶೆಲ್ ಸ್ಕ್ರಿಪ್ಟ್ ಫೈಲ್ ಮಾಡಿ, ಯಾಮಲ್ ಅದನ್ನು ಕರೆದರೆ ಸಾಕು. ಆಮೇಲೆ, ಅಕೌಂಟ್ ಇಲ್ಲದವರು ಈಮೇಲ್‌ನಲ್ಲಿ ಪ್ಯಾಚ್ ಕಳಿಸಿದರೆ ನೋಡುವವರು ಯಾರು ಅಂತ ನಿಮ್ಮ ತಂಡದಲ್ಲಿ ಒಮ್ಮೆ ಕೇಳಿ ನೋಡಿ.