ಕಪ್ಪು ಎರಡರಿಂದ ಬಿಳಿ ಒಂದಕ್ಕೆ

ಸಾಗರದ ಹತ್ತಿರ ಒಂದು ಅಡಿಕೆ ತೋಟದ ಮನೆ. ಹೊರಗೆ ಆಷಾಢದ ಮಳೆ. ಜಗಲಿಯಲ್ಲಿ ಮೂರು ಜನ ಕೂತು ಜಗಳ ಆಡುತ್ತಿದ್ದಾರೆ. ಪದ್ಯ ಹಾಡುವ ಭಾಗವತರಿಗೆ 78, ಮದ್ದಳೆಯವರಿಗೆ 74, ಚಂಡೆಯವರು ಹುಡುಗ, ಬರೀ 71. ಮೂವರೂ ಯಕ್ಷಗಾನ ಮೇಳದ ತಿರುಗಾಟ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಮಳೆಗಾಲದಲ್ಲಿ ನಾಲ್ಕಾರು ತಾಳಮದ್ದಳೆ ಮಾಡದೆ ಇವರಿಗೆ ಊಟ ಸೇರುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಹಾಡುವವರು, ಬಾರಿಸುವವರು, ಪಾತ್ರವಾಗಿ ಮಾತಾಡಿ ಪದ್ಯದ ಅರ್ಥ ಹೇಳುವವರು ಎಲ್ಲರೂ ಕೂತೇ ಮಾಡುವ ಕಲೆ. ಮಂಡಿನೋವು ಇದ್ದವರಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಅವರೇ ನಗುತ್ತಾರೆ.

ಜಗಳ ಶ್ರುತಿಯದು. ಭಾಗವತರು ಹರೆಯದಲ್ಲಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿಗೆ ಹಾಡುತ್ತಿದ್ದರು. ಈಗ ಬಿಳಿ ಒಂದು ಸಾಕು ಅನ್ನುತ್ತಾರೆ. ಹಾರ್ಮೋನಿಯಂ ನೋಡಿದವರಿಗೆ ಗೊತ್ತು, ಅದು ಮೂರು ಮನೆ ಕೆಳಗೆ. ಮದ್ದಳೆಯವರಿಗೆ ಇದೇ ತಲೆನೋವು. ಗಂಟಲು ಇಳಿದಷ್ಟು ಸುಲಭವಾಗಿ ಮದ್ದಳೆ ಇಳಿಯುವುದಿಲ್ಲವಲ್ಲ! ಮದ್ದಳೆಯ ಬಲಮುಚ್ಚಿಗೆಯ ನಡುವೆ ಕಪ್ಪಗೆ ಕರಣೆ ಅನ್ನುವ ಗಟ್ಟಿ ಲೇಪ ಇರುತ್ತದೆ. ಸುಮ್ನೆ ಚರ್ಮ ಬಿಗಿದ ವಾದ್ಯ ಬಡಿದರೆ ಹೊರಡುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಬರೀ ಸದ್ದು ಬರುತ್ತದೆ. ನಡುವೆ ಆ ಭಾರ ಕೂತಾಗ ನಾದಗಳು ಒಂದರ ಎರಡು ಪಟ್ಟು, ಮೂರು ಪಟ್ಟು ಅಂತ ಲೆಕ್ಕಕ್ಕೆ ಬರುತ್ತವೆ, ಆಗ ವಾದ್ಯಕ್ಕೆ ಶ್ರುತಿ ಅನ್ನುವುದು ಬರುತ್ತದೆ. ಮೃದಂಗದ ಈ ಗುಟ್ಟನ್ನು ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದರು, ಬೆಳಕಿನ ಕೆಲಸಕ್ಕೆ ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮೊದಲು. ಆದರೆ ಒಂದು ಮದ್ದಳೆ ಎಳೆದು ಬಿಗಿದರೂ ಸಡಿಲ ಬಿಟ್ಟರೂ ಸ್ವಲ್ಪ ದೂರ ಮಾತ್ರ ಹೋದೀತು. ಮೂರು ಮನೆ ಇಳಿಯಬೇಕಾದರೆ ಬೇರೆ ಮದ್ದಳೆಯೇ ಬೇಕು. ಅಂದರೆ ಒಬ್ಬರ ಗಂಟಲಿಗೆ ವಯಸ್ಸಾದರೆ ಇನ್ನೊಬ್ಬರ ಜೇಬಿಗೆ ಖರ್ಚು. ಅದರ ಮೇಲೆ ನಮ್ಮ ಮಲೆನಾಡಿನ ಥಂಡಿ ಬೇರೆ. ಚರ್ಮ ನೀರು ಕುಡಿದು ಸಡಿಲವಾಗುತ್ತದೆ. ಕೂಟಕ್ಕೆ ಮೊದಲು ಮದ್ದಳೆ, ಚಂಡೆ ಎರಡೂ ಬಚ್ಚಲ ಒಲೆಯ ಮುಂದೆ ಕೂತು ಚಳಿ ಕಾಯಿಸಿಕೊಳ್ಳುತ್ತವೆ.

ಭಾಗವತರ ಗಂಟಲಿಗೆ ಆಗಿದ್ದೇನು? ಧ್ವನಿತಂತುಗಳ ಒಳಗಿನ ಸ್ನಾಯು ವಯಸ್ಸಾದಂತೆ ತೆಳ್ಳಗಾಗುತ್ತದೆ. ಎರಡೂ ತಂತು ಪೂರ್ತಿ ಕೂಡಿಕೊಳ್ಳದೆ ನಡುವೆ ಸಂದು ಉಳಿದು ಗಾಳಿ ಸೋರುತ್ತದೆ. ಗಂಟಲ ಮೃದ್ವಸ್ಥಿ ನಿಧಾನಕ್ಕೆ ಎಲುಬಿನ ಹಾಗೆ ಗಟ್ಟಿಯಾಗುತ್ತದೆ. ಎದೆಗೂಡು ಮೊದಲಿನಷ್ಟು ಅರಳುವುದಿಲ್ಲ. ತಮಾಷೆ ಅಂದರೆ, ಗಂಡಸರು ಮುದುಕರಾದಾಗ ಮಾತಿನ ಧ್ವನಿ ಸ್ವಲ್ಪ ಏರುತ್ತದೆ, ಹೆಂಗಸರದ್ದು ಇಳಿಯುತ್ತದೆ. ಆದರೆ ಹಾಡಿನ ಮೇಲಿನ ಸ್ವರಗಳು ಮಾತ್ರ ಕೈಗೆ ಸಿಗದೆ ಹೋಗುತ್ತವೆ. ಒಂದೇ ಉಸಿರಿಗೆ ಎಳೆಯುತ್ತಿದ್ದ ಸಾಲನ್ನು ಈಗ ಎರಡು ಉಸಿರಿಗೆ ಮುರಿಯಬೇಕು.

ಅವರ ಪಕ್ಕದಲ್ಲೇ ಕೂತಿದ್ದೆ, ಹಾಗಾಗಿ ಮುರಿಯುವ ಜಾಗ ಕಾಣಿಸಿತು. ಭಾಗವತರ ಎಡಭುಜ ಒಂದಿಷ್ಟು ಮೇಲೇಳುತ್ತದೆ. ಮದ್ದಳೆಯವರು ತಲೆ ಎತ್ತುವುದೇ ಇಲ್ಲ, ಓರೆಗಣ್ಣಲ್ಲಿ ಆ ಭುಜ ನೋಡಿ ಸರಿಯಾಗಿ ಅದೇ ಜಾಗದಲ್ಲಿ ನಾಲ್ಕು ಪೆಟ್ಟು ಜಾಸ್ತಿ ಸೇರಿಸುತ್ತಾರೆ. ಸಭೆಗೆ ಅದು ಮದ್ದಳೆಯ ಚಂದದ ಕೈಚಳಕ, ಭಾಗವತರಿಗೆ ಅದು ಉಸಿರು. ಮೂವತ್ತು ವರ್ಷ ಹಿಂದೆ ಆ ನಾಲ್ಕು ಪೆಟ್ಟು ಅಲ್ಲಿ ಇರಲಿಲ್ಲವಂತೆ.

ಈ ಉಪಾಯಕ್ಕೆ ವಿಜ್ಞಾನದಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಪಿಯಾನೋ ವಾದಕ ಆರ್ತರ್ ರೂಬಿನ್‌ಸ್ಟೈನ್ ತಮ್ಮ ಕೊನೆಯ ಕಛೇರಿ ಕೊಟ್ಟಿದ್ದು 1976ರಲ್ಲಿ, 89ನೇ ವಯಸ್ಸಿಗೆ. ಇದು ಹೇಗೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಗುಟ್ಟು ಮೂರು: ನುಡಿಸುವ ಕೃತಿ ಕಡಿಮೆ ಮಾಡಿದ್ದೇನೆ, ಅಷ್ಟನ್ನೇ ಜಾಸ್ತಿ ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮೊದಲು ಬೇಕಂತಲೇ ನಿಧಾನ ಮಾಡುತ್ತೇನೆ, ಆಗ ಮುಂದಿನದು ಇದ್ದದ್ದಕ್ಕಿಂತ ವೇಗವಾಗಿ ಕೇಳುತ್ತದೆ. ಜರ್ಮನಿಯ ಮನೋವಿಜ್ಞಾನಿ ಪಾಲ್ ಬಾಲ್ಟೆಸ್ ಚೆನ್ನಾಗಿ ಮುದುಕರಾಗುವುದು ಹೇಗೆ ಅನ್ನುವ ತಮ್ಮ ಸಿದ್ಧಾಂತಕ್ಕೆ ಇದನ್ನೇ ಉದಾಹರಣೆ ಕೊಟ್ಟರು. ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ರೂಬಿನ್‌ಸ್ಟೈನ್ ಒಬ್ಬರೇ ಮುಪ್ಪನ್ನು ಸಂಭಾಳಿಸಿದರು. ಈ ಜಗಲಿಯಲ್ಲಿ ಮೂವರು ಸೇರಿ ಒಂದು ಮುಪ್ಪನ್ನು ಹಂಚಿಕೊಂಡಿದ್ದಾರೆ.

ಮರೆವನ್ನೇ ನೋಡಿ. ಭಾಗವತರು ಮೊಮ್ಮಗನನ್ನು ಕರೆಯುವಾಗ ಮನೆಯ ಎಲ್ಲರ ಹೆಸರು ಹೇಳಿ ಕೊನೆಗೆ ಅವನದ್ದಕ್ಕೆ ಬರುತ್ತಾರೆ. ಆದರೆ ಭಾಮಿನಿ ಷಟ್ಪದಿ ಶುರುವಾದರೆ ಆರೂ ಸಾಲು ನೀರು ಹರಿದ ಹಾಗೆ ಬರುತ್ತದೆ. ಪದ್ಯದ ರಚನೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಮೂರು ಮಾತ್ರೆ, ನಾಲ್ಕು ಮಾತ್ರೆ ಅಂತ ಅಳತೆ ಇದೆ. ಸಾಲಿನ ಎರಡನೇ ಅಕ್ಷರ ಪ್ರಾಸಕ್ಕೆ ಕೂರಬೇಕು. ಮೇಲಿಂದ ರಾಗ, ಕೆಳಗಿಂದ ತಾಳ. ಇಷ್ಟೆಲ್ಲ ಬೇಲಿ ಹಾಕಿದ ಮೇಲೆ ತಪ್ಪಿಸಿಕೊಂಡ ಪದಕ್ಕೆ ಓಡಿಹೋಗಲು ಜಾಗ ಎಲ್ಲಿದೆ? ಮಿದುಳಿನ ಕಡೆಯಿಂದಲೂ ಸಹಾಯ ಇದೆ. ಹಳೆಯ ಹಾಡುಗಳನ್ನು ಗುರುತಿಸುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಆಲ್ಝೈಮರ್ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಸವೆಯುತ್ತವೆ ಅಂತ 2015ರಲ್ಲಿ ಒಂದು ಅಧ್ಯಯನ ತೋರಿಸಿತು.

ಕಷ್ಟ ಇರುವುದು ಪದ್ಯದ ಮೊದಲ ಪದದಲ್ಲಿ. ಅದು ಸಿಕ್ಕದಿದ್ದರೆ ಬೇಲಿಯೂ ಇಲ್ಲ, ಏನೂ ಇಲ್ಲ. ಆವತ್ತು ಹಾಗೇ ಆಯಿತು. ಭಾಗವತರು ಸುಮ್ಮನೆ ತಾಳ ತಟ್ಟುತ್ತಾ ಕೂತರು. ಕೃಷ್ಣನ ಅರ್ಥ ಹೇಳುತ್ತಿದ್ದವರಿಗೆ ಗೊತ್ತಾಯಿತು. ಮುಗಿದ ಮಾತನ್ನೇ ಇನ್ನೊಂದು ಸುತ್ತು ಎಳೆದು, ಮುಂದಿನ ಪದ್ಯದ ಮೊದಲ ಪದವನ್ನೇ ತಮ್ಮ ಮಾತಿನ ಕೊನೆಗೆ ತಂದು ನಿಲ್ಲಿಸಿದರು. ಭಾಗವತರು ಎತ್ತಿಕೊಂಡರು. ನೆನಪನ್ನು ಹೀಗೆ ಗುಂಪಿನಲ್ಲಿ ಹಂಚಿಟ್ಟುಕೊಳ್ಳುವುದರ ಬಗ್ಗೆ ಅಮೆರಿಕದ ಡೇನಿಯಲ್ ವೆಗ್ನರ್ 1985ರಲ್ಲಿ ಬರೆದರು. ಎಲ್ಲವನ್ನೂ ಎಲ್ಲರೂ ನೆನಪಿಡಬೇಕಾಗಿಲ್ಲ, ಯಾರ ಹತ್ತಿರ ಏನಿದೆ ಅಂತ ಗೊತ್ತಿದ್ದರೆ ಸಾಕು. ಬಹಳ ವರ್ಷ ಕೂಡಿ ಬಾಳಿದ ಗಂಡ ಹೆಂಡತಿಯರನ್ನು ನೋಡಿದರೆ ಇದಕ್ಕೆ ಪ್ರಯೋಗವೇ ಬೇಕಾಗಿಲ್ಲ ಅಲ್ವಾ?

ಚಂಡೆಯವರ ಕಥೆ ಕಿವಿಯದು. ಒಂದು ಒಳಕಿವಿಯಲ್ಲಿ ಸುಮಾರು 15,000 ಕೂದಲು ಕೋಶಗಳು ಇರುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಸಣ್ಣ ಚೂಪು ಸದ್ದು ಹಿಡಿಯುವವು ಮೊದಲು ಹೋಗುತ್ತವೆ. ಇವರದ್ದನ್ನು ವಯಸ್ಸು ಅರ್ಧ ತಿಂದಿದೆ, ಚಂಡೆ ಅರ್ಧ ತಿಂದಿದೆ. ಮಗ ಕಿವಿ ಮಷಿನ್ ಕೊಡಿಸಿದ್ದಾನೆ. ಪದ್ಯ ಶುರುವಾಗುವ ಮೊದಲು ಅವರು ಅದನ್ನು ತೆಗೆದು ಅಂಗಿ ಜೇಬಿಗೆ ಹಾಕಿದ್ದು ನೋಡಿ ಹಟ ಅಂದುಕೊಂಡೆ. ಹಟ ಅಲ್ಲ. ಆ ಮಷಿನ್ ಮಾಡಿರುವುದು ಮಾತಿಗೆ. ಒಂದೇ ಸಮ ಬರುವ ಸದ್ದನ್ನು ಅದು ಫ್ಯಾನಿನ ಸದ್ದು ಅಂತ ತಿಳಿದು ತಗ್ಗಿಸುತ್ತದೆ. ಶ್ರುತಿ ಪೆಟ್ಟಿಗೆಯಷ್ಟು ಒಂದೇ ಸಮ ಬರುವ ಸದ್ದು ಬೇರೆ ಯಾವುದಿದೆ? ಭಾಗವತರು ಸ್ವರ ಹಿಡಿದು ನಿಲ್ಲಿಸಿದರೆ ಅದನ್ನು ತನ್ನದೇ ಕೂಗು ಅಂತ ಭಾವಿಸಿ ಕತ್ತರಿಸುವುದೂ ಉಂಟು. ಈಗಿನ ಕೆಲವು ಮಷಿನ್‌ಗಳಲ್ಲಿ ಸಂಗೀತಕ್ಕೆ ಅಂತ ಬೇರೆ ವ್ಯವಸ್ಥೆ ಇರುತ್ತದೆ, ಕೇಳಿ ಹಾಕಿಸಿಕೊಳ್ಳಬೇಕು. ಇವರಿಗೆ ಯಾರೂ ಹೇಳಿಲ್ಲ. ಹಾಗಾಗಿ ಭಾಗವತರ ಕೈಯ ತಾಳ ನೋಡಿಕೊಂಡು ಬಾರಿಸುತ್ತಾರೆ.

ಇದರಿಂದ ಆಯಸ್ಸು, ನೆನಪು ಉಳಿಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನ್ಯೂಯಾರ್ಕ್‌ನಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾದ್ಯ ನುಡಿಸುವವರಿಗೆ ಮರೆವಿನ ಕಾಯಿಲೆ ಕಡಿಮೆ ಕಂಡಿತ್ತು. ಓದುವವರಿಗೆ, ಕುಣಿಯುವವರಿಗೆ, ಚೆಸ್‌ನಂಥ ಆಟ ಆಡುವವರಿಗೂ ಹಾಗೇ. ಆದರೆ ನುಡಿಸಿದ್ದರಿಂದ ಮಿದುಳು ಚೆನ್ನಾಗಿ ಉಳಿಯಿತೋ, ಚೆನ್ನಾಗಿ ಉಳಿದವರು ಮಾತ್ರ ನುಡಿಸುತ್ತಾ ಬಂದರೋ, ಇಂಥ ಲೆಕ್ಕದಿಂದ ಹೇಳಲಾಗದು. ಜಗಲಿಯ ಮೂವರಿಗೂ ಆ ಪ್ರಶ್ನೆಯಲ್ಲಿ ಆಸಕ್ತಿ ಕಾಣಲಿಲ್ಲ.

ಕೂಟ ಮುಗಿದು ಕಷಾಯ ಬಂತು. ಮದ್ದಳೆಯವರು ವಾದ್ಯಕ್ಕೆ ಪ್ಲಾಸ್ಟಿಕ್ ಸುತ್ತುತ್ತಾ, "ಝಂಪೆ ತಾಳದ ಆ ಪದ್ಯ ಬಿಟ್ರಲ್ಲ ಮಾರಾಯ್ರೆ, ಮರ್ತುಹೋಯ್ತಾ?" ಅಂದರು.

"ಮರ್ತದ್ದಲ್ಲ. ಬೇಡ ಅಂತ ಬಿಟ್ಟದ್ದು" ಅಂದರು ಭಾಗವತರು.

ಚಂಡೆಯವರು ಜೇಬಿಂದ ಮಷಿನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, "ಎಂತ? ಎಂತ ಬಿಟ್ಟದ್ದು?" ಅಂತ ಕೇಳಿದರು.