ಏನು ಕಳಿಸಬೇಕು ಅನ್ನೋದಲ್ಲ, ಏನಕ್ಕೆ ಕಾಯಬೇಕು

ಪುಣೆಯ ಚಾಕಣ್, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಹಳೇ ನೆಟ್‌ವರ್ಕ್ ಸ್ವಿಚ್‌ಗಳು ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿವೆ. ಪ್ರೋಗ್ರಾಮ್ ನೇರವಾಗಿ ಮಾತಾಡಿಸಲು ಅವಕ್ಕೆ ಎಪಿಐ ಗಿಪಿಐ ಏನೂ ಇಲ್ಲ. ಲಾಗಿನ್ ಆಗಬೇಕು, ಅದು ಪಾಸ್‌ವರ್ಡ್ ಕೇಳಬೇಕು, ನಾವು ಕೊಡಬೇಕು, ಆಮೇಲೆ ಕಮಾಂಡ್. ಒಂದೆರಡಾದರೆ ಕೈಯಲ್ಲೇ ಮುಗಿಸಬಹುದು. ಜಾಸ್ತಿ ಇದ್ದರೆ, ಈ ಪ್ರಶ್ನೋತ್ತರವನ್ನು ನಮ್ಮ ಪರವಾಗಿ ನಡೆಸುವ ಪೈಥಾನ್‌ನ ಪೆಕ್ಸ್‌ಪೆಕ್ಟ್ ಲೈಬ್ರರಿ ಕೈಹಿಡಿಯುತ್ತದೆ.

ಹಿಂಜವಡಿಯ ನಮ್ಮ ತಂಡಕ್ಕೆ ಧಾರವಾಡದಿಂದ ಬಂದ ಹುಡುಗ ಮೊದಲು ಕೇಳಿದ್ದು, ಬೇರೆ ಪ್ರೋಗ್ರಾಮ್ ಓಡಿಸುವ ಪೈಥಾನ್‌ನದೇ ಸಬ್‌ಪ್ರೊಸೆಸ್ ಬಗ್ಗೆ: “ಸರ್, ಸಬ್‌ಪ್ರೊಸೆಸ್ ಐತಲ್ರಿ, ಅದರಾಗ ಪಾಸ್‌ವರ್ಡ್ ಕಳಿಸಿದ್ರ ಆಗೂದಿಲ್ಲೇನ್ರಿ?”

ಆಗುವುದಿಲ್ಲ. ದೂರದ ಸ್ವಿಚ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಪಾಸ್‌ವರ್ಡನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದುವುದಿಲ್ಲ, ನೇರವಾಗಿ ಟರ್ಮಿನಲ್‌ನಿಂದ ಓದುತ್ತದೆ. ಪೈಪ್‌ನಲ್ಲಿ ತುರುಕಿದ್ದು ಅದರ ಕಣ್ಣಿಗೇ ಬೀಳುವುದಿಲ್ಲ. ಪೆಕ್ಸ್‌ಪೆಕ್ಟ್ ಒಂದು ಸ್ಯೂಡೋ ಟರ್ಮಿನಲ್, ಅಂದರೆ ನಕಲಿ ಟರ್ಮಿನಲ್ ತೆರೆದು ಪ್ರೋಗ್ರಾಮನ್ನು ಅದರೊಳಗೆ ಓಡಿಸುತ್ತದೆ. ಎದುರಿಗೆ ಮನುಷ್ಯನೇ ಕೂತಿದ್ದಾನೆ ಅಂತ ಪ್ರೋಗ್ರಾಮ್ ನಂಬುತ್ತದೆ. ಈ ಉಪಾಯ ಹೊಸದೇನಲ್ಲ. 1990ರಲ್ಲೇ ಡಾನ್ ಲೈಬ್ಸ್ ಟಿಕಲ್ ಭಾಷೆಯ ಮೇಲೆ ಕಟ್ಟಿದ ಎಕ್ಸ್‌ಪೆಕ್ಟ್ ಅನ್ನೋ ಟೂಲ್‌ನಿಂದ ಬಂದದ್ದು.

ಪೆಕ್ಸ್‌ಪೆಕ್ಟ್ ಬಳಕೆ ಸುಲಭ. ಸ್ಪಾನ್ ಮಾಡಿ ಶುರುಮಾಡು, ಎಕ್ಸ್‌ಪೆಕ್ಟ್‌ನಲ್ಲಿ ಕಾಯಿ, ಸೆಂಡ್‌ಲೈನ್‌ನಲ್ಲಿ ಉತ್ತರ ಕೊಡು. ಕಷ್ಟ ಇರೋದು ಕಾಯುವುದರಲ್ಲೇ. ಒಂದು ಕಾರ್ಖಾನೆಯ ಸ್ವಿಚ್‌ನಲ್ಲಿ ಪ್ರಾಂಪ್ಟಿನ (ಕಮಾಂಡ್ ಕೊಡು ಅಂತ ಸೂಚಿಸುವ ಸಾಲಿನ) ಕೊನೆಗೆ ಹ್ಯಾಶ್ (#) ಗುರುತು ಬರುತ್ತಿತ್ತು, ಹಾಗಾಗಿ ಸ್ಕ್ರಿಪ್ಟ್ ಬರೀ ಹ್ಯಾಶ್‌ಗೆ ಕಾಯುತ್ತಿತ್ತು. ಆದರೆ ಲಾಗಿನ್ ಆದ ಕೂಡಲೇ ಬರುವ ಎಚ್ಚರಿಕೆಯ ಬ್ಯಾನರಿಗೆ ಯಾರೋ ಸುತ್ತಲೂ ಹ್ಯಾಶ್‌ಗಳ ಚೌಕಟ್ಟು ಹಾಕಿದ್ದರು! ಮೊದಲ ಹ್ಯಾಶ್ ಕಂಡಿದ್ದೇ ತಡ, ಸ್ಕ್ರಿಪ್ಟ್ ಕಮಾಂಡ್ ಕಳಿಸಿಬಿಟ್ಟಿತು. ಅಲ್ಲಿಂದ ಮುಂದೆ ಬಂದ ಉತ್ತರಗಳೆಲ್ಲ ಹಿಂದುಮುಂದು. ಸ್ವಿಚ್‌ನ ಹೆಸರನ್ನೂ ಸೇರಿಸಿ ಪೂರ್ತಿ ಪ್ರಾಂಪ್ಟಿಗೇ ಕಾಯಬೇಕು. ಹುಡುಕುವ ಮಾದರಿಯಲ್ಲಿ ಸಾಲಿನ ಕೊನೆ ಅಂತ ಡಾಲರ್ ಚಿಹ್ನೆ ಹಾಕಿದರೂ ಉಪಯೋಗವಿಲ್ಲ. ಅಕ್ಷರಗಳು ಬರುಬರುತ್ತಲೇ ಹೋಲಿಕೆ ನಡೆಯುವುದರಿಂದ ಆ ಹೊತ್ತಿಗೆ ಕೈಗೆ ಬಂದಷ್ಟೇ ಕೊನೆ.

ಒಂದೇ ಉತ್ತರ ಬರುತ್ತದೆ ಅಂತಲೂ ನಂಬಬೇಡಿ. ಮೊದಲ ಸಲ ಸಂಪರ್ಕವಾದರೆ ಎಸ್‌ಎಸ್‌ಎಚ್ ‘ಯೆಸ್ ಅಥವಾ ನೋ’ ಕೇಳುತ್ತದೆ. ಪಾಸ್‌ವರ್ಡ್ ತಪ್ಪಿದ್ದರೆ ಮತ್ತೆ ಪಾಸ್‌ವರ್ಡೇ ಕೇಳುತ್ತದೆ. ಎಕ್ಸ್‌ಪೆಕ್ಟ್‌ಗೆ ಇವೆಲ್ಲವನ್ನೂ ಒಂದು ಪಟ್ಟಿಯಾಗಿ ಕೊಡಿ. ಯಾವುದು ಸಿಕ್ಕಿತು ಅನ್ನೋದರ ಸಂಖ್ಯೆ ವಾಪಸ್ ಬರುತ್ತದೆ. ಟೈಮ್‌ಔಟ್ (ಕಾಯುವ ಹೊತ್ತು ಮುಗಿಯಿತು), ಇಒಎಫ್ (ಆ ಕಡೆಯಿಂದ ಮಾತೇ ಮುಗಿಯಿತು) ಎರಡನ್ನೂ ಅದೇ ಪಟ್ಟಿಗೆ ಸೇರಿಸಿ. ಟೈಮ್‌ಔಟ್ ಸುಮ್ನೆ ಬಿಟ್ಟರೆ 30 ಸೆಕೆಂಡ್, ದೊಡ್ಡ ಬ್ಯಾಕಪ್‌ಗೆ ಅದು ಸಾಲದೇ ಹೋಗಬಹುದು.

ಈ ರಗಳೆಯೆಲ್ಲ ಒಂದು ಕ್ಲಾಸಿನ ಒಳಗೇ ಇರಲಿ. ಹೊರಗಿನ ಕೋಡ್‌ಗೆ ಮೂರೇ ಮೆಥಡ್ ಕಾಣಬೇಕು: ಸೇರು, ಕಮಾಂಡ್ ಓಡಿಸು, ಬಿಡು. ಇದನ್ನು ಇಂಟರ್‌ಫೇಸ್ ಆಗಿ, ಅಂದರೆ ಕ್ಲಾಸಿನಲ್ಲಿ ಯಾವ ಮೆಥಡ್ ಇರಬೇಕು ಅನ್ನೋ ಕರಾರಾಗಿ ಬರೆದಿಟ್ಟರೆ, ಟೆಸ್ಟ್ ಮಾಡುವಾಗ ಅಸಲಿ ಸ್ವಿಚ್ ಜಾಗಕ್ಕೆ ನಕಲಿ ಕ್ಲಾಸ್ ಕೂರಿಸಬಹುದು. ಪೈಥಾನ್‌ನ ನೆಟ್‌ವರ್ಕ್ ಲೈಬ್ರರಿ ಟ್ವಿಸ್ಟೆಡ್ ಬಳಸುವವರಿಗೆ, ಇಂಥ ಕರಾರು ಬರೆಯುವ ಝೋಪ್ ಇಂಟರ್‌ಫೇಸ್ ಲೈಬ್ರರಿ ಹೇಗೂ ಪರಿಚಯವಿರುತ್ತದೆ. ಅಲ್ಲೊಂದು ಗುಂಡಿ ಇದೆ. ಕ್ಲಾಸಿನ ತಲೆಯ ಮೇಲೆ ‘ಇಂಪ್ಲಿಮೆಂಟರ್’ ಅಂತ ಬರೆದರೆ ಅದು ಬರೀ ಘೋಷಣೆ. ಮೆಥಡ್ ಒಂದೂ ಇಲ್ಲದಿದ್ದರೂ ಅದು ತುಟಿಪಿಟಕ್ ಅನ್ನುವುದಿಲ್ಲ. ವೆರಿಫೈಆಬ್ಜೆಕ್ಟ್ ಕರೆದಾಗಲೇ ಮೆಥಡ್‌ಗಳೂ ಅವುಗಳ ಆರ್ಗ್ಯುಮೆಂಟ್‌ಗಳೂ ಸರಿ ಇವೆಯೇ ಅಂತ ನೋಡುತ್ತದೆ. ಪೈಥಾನ್‌ನದೇ ಎಬಿಸಿ (ಅಬ್‌ಸ್ಟ್ರ್ಯಾಕ್ಟ್ ಬೇಸ್ ಕ್ಲಾಸ್) ಹಾಗಲ್ಲ, ಅಬ್‌ಸ್ಟ್ರ್ಯಾಕ್ಟ್ ಮೆಥಡ್ ಬಿಟ್ಟುಹೋಗಿದ್ದರೆ ಆಬ್ಜೆಕ್ಟ್ ಮಾಡಲು ಹೊರಟಾಗಲೇ ಟೈಪ್‌ಎರರ್. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳೋದು ಪೈಥಾನ್ 3.8ರಲ್ಲಿ ಬಂದ ಪ್ರೋಟೋಕಾಲ್. ಇನ್‌ಹೆರಿಟ್ ಮಾಡುವ ಗೋಜಿಲ್ಲ, ಟೈಪ್ ಪರೀಕ್ಷಿಸುವ ಮೈಪೈ ಓಡಿಸಿದರೆ ಕೊರತೆ ಅಲ್ಲೇ ತಿಳಿಯುತ್ತದೆ.

ಲಾಗ್ ಬಗ್ಗೆ ಒಂದು ಮಾತು. ಪೆಕ್ಸ್‌ಪೆಕ್ಟ್‌ನ ಲಾಗ್‌ಫೈಲ್‌ಗೆ ಹೋದದ್ದೂ ಬಂದದ್ದೂ ಎರಡೂ ಬೀಳುತ್ತವೆ, ಅಂದರೆ ಪಾಸ್‌ವರ್ಡ್ ಕೂಡ. ಬದಲಿಗೆ ಲಾಗ್‌ಫೈಲ್ ರೀಡ್ ಬಳಸಿ. ಸ್ವಿಚ್ ಹೇಳಿದ್ದಷ್ಟೇ ಅದರಲ್ಲಿ ದಾಖಲಾಗುತ್ತದೆ.