ರೇಸು ಬಿಟ್ಟ ಕುದುರೆಯನ್ನು ಕೊಳ್ಳುವಾಗ ಗೊರಸಿನಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ನಮ್ಮ ತೋಟದಲ್ಲಿ ಸವಾರಿಗಾಗಿ, ಬೆಂಗಳೂರಿನಲ್ಲಿ ರೇಸಿನಿಂದ ನಿವೃತ್ತವಾದ ಕುದುರೆಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಗೊರಸನ್ನು ಹೇಗೆ ಪರೀಕ್ಷಿಸಬೇಕು? ತಂದ ಕೂಡಲೇ ಲಾಳ ತೆಗೆಸಬಹುದೇ?

ಉತ್ತರ: ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಸವಾರನನ್ನು ಕುರಿತದ್ದು, ಕೊಳ್ಳುವವರು ಮಾತ್ರ ಕುದುರೆಯ ಕಾಲುನೋವನ್ನೇ ಮೊದಲು ವಿಚಾರಿಸಬೇಕು. ರೇಸಿನ ಥರೋಬ್ರೆಡ್ ಕುದುರೆಗಳಲ್ಲಿ ಗೊರಸಿನ ಗೋಡೆ ತೆಳುವಾಗಿರುವುದು, ತಳ ಚಪ್ಪಟೆಯಾಗಿರುವುದು, ಮುಂತುದಿ ಉದ್ದವಾಗಿ ಬೆಳೆದು ಹಿಮ್ಮಡಿ ಕುಸಿದಿರುವುದು ಸಾಮಾನ್ಯ. ಇವುಗಳಲ್ಲಿ ಯಾವುದನ್ನೋ ಒಂದನ್ನು ಕಂಡೊಡನೆ ಕುದುರೆಯನ್ನು ನಿರಾಕರಿಸಬೇಕಾಗಿಲ್ಲ, ಆದರೆ ಅದನ್ನು ಸರಿಪಡಿಸಲು ಹಿಡಿಯುವ ಕಾಲ ಮತ್ತು ಖರ್ಚನ್ನು ಬೆಲೆಯ ಮಾತುಕತೆಗೆ ಮುಂಚೆಯೇ ಲೆಕ್ಕಹಾಕಿಕೊಳ್ಳುವುದು ಒಳ್ಳೆಯದು.

ನೋಡಲು ಹೋಗುವ ದಿನ ಗೊರಸಿಗೆ ಎಣ್ಣೆ ಸವರಬಾರದೆಂದು ಮಾರುವವರನ್ನು ಕೇಳಿಕೊಳ್ಳಿ. ಹೊಳಪಿನ ಅಡಿಯಲ್ಲಿ ಬಿರುಕುಗಳೂ ಹಳೆಯ ಮೊಳೆಯ ತೂತುಗಳೂ ಮರೆಯಾಗುತ್ತವೆ. ಕೂದಲು ಮುಗಿದು ಗೊರಸು ಆರಂಭವಾಗುವ ಅಂಚಿನಿಂದ ಗೋಡೆಯು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರಿನಷ್ಟು ಕೆಳಗೆ ಬೆಳೆಯುವುದರಿಂದ, ಮುಂಭಾಗ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಅಂದರೆ ನಿಮ್ಮ ಕಣ್ಣೆದುರು ಇರುವುದು ಕುದುರೆಯ ಹಿಂದಿನ ಒಂದು ವರ್ಷದ ದಿನಚರಿ. ಅಂಚಿನಿಂದ ಎರಡೂವರೆ ಸೆಂಟಿಮೀಟರ್ ಕೆಳಗೆ ಉಂಗುರದಂತಹ ಏಣು ಕಂಡರೆ, ಮೂರು ತಿಂಗಳ ಹಿಂದೆ ಜ್ವರವೋ ಮೇವಿನ ಬದಲಾವಣೆಯೋ ಆಗಿರಬಹುದು. ಉಂಗುರಗಳು ಸಮಾನಾಂತರವಾಗಿದ್ದರೆ ಹೆಚ್ಚು ಚಿಂತಿಸಬೇಕಾಗಿಲ್ಲ. ಮುಂದೆ ಒತ್ತೊತ್ತಾಗಿದ್ದು ಹಿಮ್ಮಡಿಯ ಕಡೆಗೆ ಅಗಲವಾಗುತ್ತ ಹೋದರೆ ಮಾತ್ರ ಲ್ಯಾಮಿನೈಟಿಸ್ ಬಂದುಹೋಗಿರುವ ಶಂಕೆ ಮೂಡುತ್ತದೆ. ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಉರಿಯೂತದಿಂದ ಸಡಿಲಗೊಳ್ಳುವ ಈ ಕಾಯಿಲೆಯ ಸುಳಿವಿದ್ದರೆ ಎಕ್ಸ್-ರೇ ಇಲ್ಲದೆ ಮುಂದುವರಿಯಬೇಡಿ.

ಬಳಿಕ ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಕುದುರೆಯನ್ನು ನಡೆಸಿ, ಹಗುರವಾಗಿ ಓಡಿಸಿ ನೋಡಬೇಕು. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ. ನೋವು ನಿವಾರಕ ಕೊಟ್ಟಿದ್ದರೆ ಇದು ಕಾಣದೇ ಹೋಗಬಹುದಾದ್ದರಿಂದ, ಹೇಳದೆ ಇನ್ನೊಮ್ಮೆ ಹೋಗಿ ನೋಡುವುದರಲ್ಲಿ ಸಂಕೋಚ ಬೇಡ. ನಿಮ್ಮದೇ ಪಶುವೈದ್ಯರ ತಪಾಸಣೆಯಂತೂ ಆಗಲೇಬೇಕು.

ಲಾಯಕ್ಕೆ ತಂದ ಮೇಲೆ ದಿನಕ್ಕೊಮ್ಮೆಯಾದರೂ ನಾಲ್ಕೂ ಗೊರಸುಗಳನ್ನು ಎತ್ತಿ, ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂತುದಿಯತ್ತ ಕೆದಕಿ ಲದ್ದಿ, ಮಣ್ಣು, ಕಲ್ಲುಗಳನ್ನು ತೆಗೆಯಿರಿ. ತಳದ ನಡುವೆ ಫ್ರಾಗ್ ಎಂದು ಕರೆಯುವ ತ್ರಿಕೋನಾಕಾರದ ಮೆತ್ತನೆಯ ಭಾಗವಿದೆ. ಅದರ ಇಕ್ಕೆಲದ ಸಂದುಗಳಲ್ಲಿ ಕಪ್ಪು ಲೋಳೆಯೂ ಮೂಗು ಮುಚ್ಚಿಕೊಳ್ಳುವಂತಹ ನಾತವೂ ಇದ್ದರೆ ಅದು ಥ್ರಷ್, ಅಂದರೆ ಕೊಳೆತ. ಮಳೆಗಾಲದಲ್ಲಿ ಒದ್ದೆ ಹಾಸಿನ ಮೇಲೆ ನಿಂತ ಕುದುರೆಗೆ ಇದು ಬೇಗ ತಗಲುತ್ತದೆ, ಹಾಸು ಒಣಗದ ಹೊರತು ಯಾವ ಔಷಧಿಯೂ ನಿಲ್ಲುವುದಿಲ್ಲ. ಹೊಸ ಕುದುರೆಯ ಮೇಲಿನ ಮಮತೆಯಿಂದ ಹುರುಳಿ, ಓಟ್ಸ್‌ಗಳನ್ನು ಧಾರಾಳವಾಗಿ ಸುರಿಯುವವರಿದ್ದಾರೆ. ಕೆಲಸ ಕಡಿಮೆಯಾಗಿ ಕಾಳು ಹೆಚ್ಚಾದರೆ ಮೇಲೆ ಹೇಳಿದ ಲ್ಯಾಮಿನೈಟಿಸ್‌ಗೇ ದಾರಿ. ಗೊರಸಿಗೆ ಮೊಳೆ ಚುಚ್ಚಿದರೆ ಕುದುರೆಗೆ ಧನುರ್ವಾಯು ಬಹಳ ಸುಲಭವಾಗಿ ತಗಲುವುದರಿಂದ, ಅದರ ಲಸಿಕೆ ಯಾವಾಗ ಹಾಕಿಸಿದ್ದೆಂದು ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಲಾಳದ ವಿಚಾರ. ಲಾಳ ಸವೆಯದಿದ್ದರೂ 4ರಿಂದ 6 ವಾರಗಳಿಗೊಮ್ಮೆ ಅದನ್ನು ಬಿಚ್ಚಿ, ಗೊರಸನ್ನು ಕತ್ತರಿಸಿ ಮತ್ತೆ ಕಟ್ಟಿಸಬೇಕು, ಏಕೆಂದರೆ ಗೊರಸು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಊರಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುವವರು ಇದ್ದಾರಲ್ಲ ಎಂದು ಕರೆತರುವ ಮುನ್ನ ಯೋಚಿಸಿ. ಕೆಡವಿ, ಕಾಲು ಬಿಗಿದು, ಸೀಳು ಗೊರಸಿಗೆ ಎರಡು ತುಂಡು ಲಾಳ ಹೊಡೆಯುವ ಕೌಶಲವೇ ಬೇರೆ. ನಿಂತಿರುವ ಕುದುರೆಯ ಒಂಟಿ ಗೊರಸಿನಲ್ಲಿ ಸೂಕ್ಷ್ಮ ಪದರವನ್ನು ತಾಗದಂತೆ ಮೊಳೆಯನ್ನು ಹೊರಕ್ಕೆ ತಿರುಗಿಸುವ ಕೈ ಬೇರೆ.

ತಂದ ಕೂಡಲೇ ಲಾಳ ತೆಗೆಸುವುದು ಬೇಡವೆಂದೇ ನನ್ನ ಸಲಹೆ. ಜಾಗ, ಮೇವು, ಕೆಲಸ ಎಲ್ಲವೂ ಒಮ್ಮೆಗೇ ಬದಲಾಗಿರುವಾಗ ತೆಳುವಾದ ತಳವನ್ನು ಕಲ್ಲುನೆಲಕ್ಕೆ ಒಡ್ಡಿದರೆ ಅದು ಜಜ್ಜಿಹೋಗುತ್ತದೆ. ಎರಡು ಮೂರು ಬಾರಿ ಕ್ರಮವಾಗಿ ಕತ್ತರಿಸಿ ಆಕಾರ ಸುಧಾರಿಸಿದ ಬಳಿಕ, ಮೊದಲು ಹಿಂಗಾಲುಗಳ ಲಾಳವನ್ನು ಮಾತ್ರ ತೆಗೆಸಿ ಮೆತ್ತನೆಯ ನೆಲದಲ್ಲಿ ಬಿಟ್ಟು ನೋಡಿ. ಹೆಚ್ಚು ಭಾರ ಹೊರುವ ಮುಂಗಾಲುಗಳ ಸರದಿ ಬಂದಾಗ, ಕುದುರೆ ಕಲ್ಲಿನ ಮೇಲೆ ಅಳುಕುತ್ತ ಹೆಜ್ಜೆಯಿಟ್ಟರೆ ಲಾಳವನ್ನು ಮತ್ತೆ ಕಟ್ಟಿಸಿಬಿಡಿ.